ಓದುಗರ ಪ್ರಶ್ನೆ: ಪ್ಯಾಟ್ರಿಕ್ ಹಬ್ಬದ ನದಿ, ರೊಟ್ಟಿ, ಸೊಪ್ಪು

ಮಾರ್ಚ್ 17 ಐರ್ಲೆಂಡಿನ ಸಂತ ಪ್ಯಾಟ್ರಿಕ್ ತೀರಿಕೊಂಡ ದಿನ. ಆ ಹಬ್ಬದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರ.

ಪ್ರಶ್ನೆ (ಸಿಂಧನೂರು): ಈ ಹಬ್ಬಕ್ಕೆ ಇಡೀ ನದಿಗೇ ಹಸಿರು ಬಣ್ಣ ಹಾಕುತ್ತಾರಂತೆ. ಐರ್ಲೆಂಡಿನ ಪದ್ಧತಿಯೇ? ನಮ್ಮ ಕಾಲುವೆಗೆ ಹಾಕಬಹುದಾ?

ಉತ್ತರ: ಐರ್ಲೆಂಡಿನದಲ್ಲ, ಅಮೆರಿಕದ ಷಿಕಾಗೋ ಪ್ಲಂಬರ್‌ಗಳದು. ಕೊಳಚೆಯನ್ನು ಕದ್ದು ನದಿಗೆ ಬಿಡುವವರನ್ನು ಹಿಡಿಯಲು ಅವರು ಪೈಪಿಗೆ ಬಣ್ಣ ಸುರಿದು ನೋಡುತ್ತಿದ್ದರು. 1962ರಲ್ಲಿ ಅದನ್ನೇ ಹಬ್ಬಕ್ಕೆಂದು 100 ಪೌಂಡ್, ಅಂದರೆ 45 ಕಿಲೋದಷ್ಟು, ನದಿಗೆ ಸುರಿದರು. ಅಳತೆ ಮೀರಿತ್ತು, ನೀರು ಸುಮಾರು ಒಂದು ವಾರ ಹಸಿರಾಗಿಯೇ ಇತ್ತು. ಈಗ ಬಳಸುವುದು ಸಸ್ಯಮೂಲದ ಪುಡಿ, ಅದೂ 40 ಪೌಂಡಿನ ಆಸುಪಾಸು. ಪುಡಿ ನೋಡಲು ಕಿತ್ತಳೆ ಬಣ್ಣ, ನೀರಿಗೆ ಬಿದ್ದರೆ ಹಸಿರು. ಒಂದು ದೋಣಿಯಿಂದ ಹಿಟ್ಟಿನ ಜರಡಿಯಲ್ಲಿ ಉದುರಿಸುತ್ತಾರೆ, ಹಿಂದಿನ ಇನ್ನೊಂದು ದೋಣಿ ನೀರು ಕಲಕುತ್ತದೆ. ಕಾಲುವೆಗೆ ಮಾತ್ರ ಬೇಡ. ಅದೇ ನೀರು ಕೆರೆ ಸೇರಿ ನಮ್ಮ ನಲ್ಲಿಗೆ ಬರುತ್ತದೆ.

ಪ್ರಶ್ನೆ (ಬಳ್ಳಾರಿ): ಮಾರ್ಚ್ 17 ತಪಸ್ಸುಕಾಲದಲ್ಲೇ (ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸದ ಕಾಲ) ಬರುತ್ತದಲ್ಲ, ಉಪವಾಸದ ನಡುವೆ ಹಬ್ಬದೂಟ ಹೇಗೆ?

ಉತ್ತರ: ಐರ್ಲೆಂಡಿನಲ್ಲಿ ಆ ಒಂದು ದಿನ ವ್ರತ ಸಡಿಲ. ಮಾಂಸ ಬಿಡಬೇಕಾದ ಶುಕ್ರವಾರವೇ ಬಿದ್ದರೆ, 2023ರಲ್ಲಿ ಹಾಗಾಗಿತ್ತು, ಅಮೆರಿಕದ ಹಲವು ಬಿಷಪ್‌ಗಳು ತಮ್ಮ ಧರ್ಮಪ್ರಾಂತ್ಯದವರಿಗೆ ಮಾಂಸ ತಿನ್ನಲು ವಿನಾಯಿತಿ ಕೊಡುತ್ತಾರೆ. ಈಸ್ಟರ್‌ಗೆ ಹಿಂದಿನ ಪವಿತ್ರ ವಾರದೊಳಗೆ ಬಂದರೆ ಚರ್ಚಿನ ಆಚರಣೆಯನ್ನೇ ಸರಿಸುತ್ತಾರೆ: 2008ರಲ್ಲಿ ಐರ್ಲೆಂಡಿನಲ್ಲಿ ಪೂಜೆ 15ಕ್ಕೆ, ಮೆರವಣಿಗೆ 17ಕ್ಕೇ. ಕುಡಿತದ ಹಬ್ಬವೆಂಬ ಹೆಸರು ಬಂದದ್ದು ಈಚೆಗೆ. 1927ರ ಕಾನೂನಿನ ನಂತರ ಐರ್ಲೆಂಡಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಆ ದಿನ ಹೆಂಡದಂಗಡಿ ಬಂದ್ ಇರುತ್ತಿತ್ತು. ಡಬ್ಲಿನ್‌ನ ನಾಯಿ ಪ್ರದರ್ಶನದಲ್ಲಿ ಮಾತ್ರ ಸಿಗುತ್ತಿತ್ತು, ಹಾಗಾಗಿ ನಾಯಿಪ್ರೇಮಿಗಳು ಅಲ್ಲಿ ಹೆಚ್ಚಾಗಿದ್ದರೆ ಅಚ್ಚರಿಯಿಲ್ಲ. ಮೆರವಣಿಗೆಯೂ ವಲಸೆ ಹೋದವರ ಕಡೆಯಿಂದಲೇ ಬೆಳೆದದ್ದು. ನ್ಯೂಯಾರ್ಕಿನದು 1762ರಷ್ಟು ಹಳೆಯದು.

ಪ್ರಶ್ನೆ (ಕೊಪ್ಪಳ): ಐರಿಶ್ ಸೋಡಾ ಬ್ರೆಡ್ ಮನೆಯಲ್ಲಿ ಮಾಡಿದರೆ ಕಲ್ಲಾಗುತ್ತದೆ, ಸೋಪಿನ ರುಚಿ ಬರುತ್ತದೆ. ಓವನ್ ಇಲ್ಲ. ಜೋಳದ ಹಿಟ್ಟಿನಲ್ಲಿ ಆಗುತ್ತದಾ?

ಉತ್ತರ: ಕಲ್ಲಾಗುವುದು ಚಪಾತಿ ಹಿಟ್ಟಿನಂತೆ ನಾದುವುದರಿಂದ. ಸೋಪಿನ ರುಚಿಗೆ ಕಾರಣ ಸೋಡಾ ಹೆಚ್ಚಾದದ್ದು, ಇಲ್ಲವೇ ಮಜ್ಜಿಗೆ ಹುಳಿಯಾಗದಿದ್ದದ್ದು. ಹುಳಿಗೆ ಸೋಡಾ ಸೇರಿದರಷ್ಟೇ ಗಾಳಿ ಹುಟ್ಟಿ ಬ್ರೆಡ್ ಉಬ್ಬುತ್ತದೆ. ಹುಳಿ ಸಾಲದಿದ್ದರೆ ಸೋಡಾ ಹಾಗೇ ಉಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆಯ ಮಜ್ಜಿಗೆ ಸಂಜೆಗೆ ಹದವಾಗಿ ಹುಳಿಯುತ್ತದೆ. ತೀರಾ ನೀರಾಗಿರಬಾರದು.

ಮೈದಾ 225 ಗ್ರಾಂ, ತಲೆ ಸವರಿದ ಅರ್ಧ ಟೀ ಚಮಚ ಅಡುಗೆ ಸೋಡಾ, ಅಷ್ಟೇ ಉಪ್ಪು. ಮೂರನ್ನೂ ಜರಡಿ ಹಿಡಿಯಿರಿ. ಮೊದಲು ದಪ್ಪ ತಳದ ಪಾತ್ರೆಯನ್ನು ಮುಚ್ಚಳ ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಲು ಇಡಿ, ಏಕೆಂದರೆ ಕಲಸಿದ ಮೇಲೆ ಕಾಯಲು ಸಮಯವಿಲ್ಲ, ಗಾಳಿ ಹೋಗಿಬಿಡುತ್ತದೆ. ಹಿಟ್ಟಿಗೆ 175 ಮಿ.ಲೀ. ಮಜ್ಜಿಗೆ ಸುರಿದು ಬೆರಳಲ್ಲಿ ಕೂಡಿಸಿ, ಅಂಟಂಟಾಗಿದ್ದರೂ ನಾದಬೇಡಿ. ಎರಡು ಬೆರಳು ದಪ್ಪಕ್ಕೆ ತಟ್ಟಿ, ಮೇಲೆ ಆಳವಾಗಿ ಶಿಲುಬೆಯಾಕಾರದಲ್ಲಿ ಕೊಯ್ಯಿರಿ. ನಂಬಿಕೆ ಏನೇ ಇರಲಿ, ಆ ಕೊಯ್ತದಿಂದ ನಡುಭಾಗಕ್ಕೂ ಬಿಸಿ ಇಳಿಯುತ್ತದೆ. ಪಾತ್ರೆಗೆ ಒಣ ಹಿಟ್ಟು ಉದುರಿಸಿ ಇಟ್ಟು ಮುಚ್ಚಿ, 20 ನಿಮಿಷಕ್ಕೆ ತಿರುವಿ, ಇನ್ನೊಂದು 15 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ದಬ್ ಎಂದರೆ ಒಳಗೆ ಹಸಿ. ಓವನ್ ಇಲ್ಲವೆಂಬ ಸಂಕೋಚ ಬೇಡ: ಐರ್ಲೆಂಡಿನ ಹಳ್ಳಿಗಳಲ್ಲೂ ಕಬ್ಬಿಣದ ಪಾತ್ರೆಯಲ್ಲಿಟ್ಟು ಮುಚ್ಚಳದ ಮೇಲೆ ಕೆಂಡ ಹೇರಿಯೇ ಸುಡುತ್ತಿದ್ದರು.

ಬರೀ ಜೋಳ ಬೇಡ, ಅಂಟಿಲ್ಲದೆ ಪುಡಿಯಾಗುತ್ತದೆ. ಕಾಲುಭಾಗ ಬೆರೆಸಬಹುದು.

ಪ್ರಶ್ನೆ (ಮಾನ್ವಿ): ಶಾಲೆಯ ಕಾರ್ಯಕ್ರಮಕ್ಕೆ ಈ ಹಬ್ಬದ ಗುರುತಾದ ಶ್ಯಾಮ್ರಾಕ್ ಎಲೆ ಬೇಕು. ಚಿತ್ರಗಳಲ್ಲಿ ಒಮ್ಮೆ ಮೂರು, ಒಮ್ಮೆ ನಾಲ್ಕು ದಳ. ಯಾವುದು ಸರಿ?

ಉತ್ತರ: ಮೂರು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವನ್ನು ಪ್ಯಾಟ್ರಿಕ್ ಈ ಎಲೆ ಹಿಡಿದು ವಿವರಿಸಿದನೆಂಬ ಐತಿಹ್ಯ. ನಾಲ್ಕು ದಳದ್ದು ಅದೃಷ್ಟದ ಎಲೆ, ಅದರ ಕಥೆಯೇ ಬೇರೆ. ಸಂತೆಯ ಮೆಂತ್ಯೆ ಸೊಪ್ಪು ಸಾಕು, ಅದೂ ಅದೇ ಕುಲದ್ದು, ಮೂರೇ ಎಲೆ. ಬೇರು ಸಮೇತ ತಂದು, ಒದ್ದೆ ಹತ್ತಿ ಸುತ್ತಿ ಅಂಗಿಗೆ ಸಿಕ್ಕಿಸಿ. ಇಲ್ಲದಿದ್ದರೆ ಈ ಬಿಸಿಲಿಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಾಡಿರುತ್ತದೆ.