ಕಂದಕದ ತಳದ ಮಡಕೆ ಚೂರುಗಳು ಮತ್ತು ಕಾಲನಿರ್ಣಯ

ಇಂಗ್ಲೆಂಡಿನ ಮಧ್ಯಯುಗದ ಜಮೀನ್ದಾರಿ ಮನೆಯೊಂದರ ಕಂದಕದ ತಳದಲ್ಲಿ ಸಿಕ್ಕ ಮಡಕೆ ಚೂರುಗಳಿಂದ ಕಂದಕ ತೋಡಿದ ಕಾಲವನ್ನು ನಿರ್ಧರಿಸಬಹುದೇ ಎಂದು ತಾವು ಕೇಳಿದ್ದೀರಿ. ಅವುಗಳಿಂದಷ್ಟೇ ಸಾಧ್ಯವಿಲ್ಲ. ಹೂಳನ್ನು ಆಗಾಗ ಎತ್ತಿಸುತ್ತಿದ್ದುದರಿಂದ, ತಳದಲ್ಲಿ ಉಳಿದಿರುವುದು ಬಹುಮಟ್ಟಿಗೆ ಕೊನೆಯ ಬಾರಿ ಹೂಳೆತ್ತಿದ ನಂತರ ಬಿದ್ದ ವಸ್ತುಗಳು. ಅದಕ್ಕಿಂತ ನಂಬಲರ್ಹವಾದುದು, ಅಗೆದ ಮಣ್ಣನ್ನು ಒಳಭಾಗದಲ್ಲಿ ಹರಡಿ ಎತ್ತರಿಸಿದ ದಿಬ್ಬದಡಿ ಹೂತುಹೋದ ಹಳೆಯ ನೆಲ. ಆ ನೆಲದಲ್ಲಿ ಸಿಗುವ ಅತ್ಯಂತ ಈಚಿನ ಚೂರಿಗಿಂತ ಕಂದಕ ಹಳೆಯದಾಗಿರಲಾರದು. ಇನ್ನು, ಗಾಳಿಯಾಡದ ಕೆಸರಿನಲ್ಲಿ ಸೇತುವೆಯ ಓಕ್ ತೊಲೆಗಳು ತೊಗಟೆಯ ಅಂಚಿನ ಸಮೇತ ಉಳಿದಿದ್ದರೆ, ಮರದ ವಾರ್ಷಿಕ ಬೆಳವಣಿಗೆಯ ಉಂಗುರಗಳ ವಿನ್ಯಾಸವನ್ನು ಕಾಲ ತಿಳಿದಿರುವ ಮರಗಳ ವಿನ್ಯಾಸದೊಂದಿಗೆ ಹೋಲಿಸಿ ಮರ ಕಡಿದ ವರ್ಷವನ್ನೇ ಹೇಳಬಹುದು. ಆದರೆ ಸೇತುವೆಗಳೂ ದುರಸ್ತಿಯಾಗುತ್ತಿದ್ದವು; ಇಂತಹ ನಿವೇಶನಗಳು ಅತಿ ಹೆಚ್ಚಾಗಿ ನಿರ್ಮಾಣಗೊಂಡ 1250–1350ರ ಅವಧಿಗಿಂತ ತೊಲೆಯ ವರ್ಷ ತೀರ ಈಚಿನದಾಗಿದ್ದರೆ, ಮೊದಲು ದುರಸ್ತಿಯನ್ನೇ ಶಂಕಿಸುವುದು ಒಳಿತು.