ಅಪ್ಪನ 350 ಬುಲೆಟ್‌ಗೆ 500ರ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ನಮ್ಮ ಮನೆಯಲ್ಲಿ 1972ರ ಬುಲೆಟ್ 350 ಇದೆ. ಅಪ್ಪ ಕೊಂಡದ್ದು, ಈಗ ನಾನು ಓಡಿಸುತ್ತೇನೆ. ಊರೊಳಗೆ ಏನೂ ತೊಂದರೆಯಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತುವಾಗ ಮಾತ್ರ ಗಾಡಿಗೆ ಉಸಿರೇ ಸಾಲುವುದಿಲ್ಲ. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆಯುತ್ತಾರೆ. ನಮ್ಮ ಮೆಕ್ಯಾನಿಕ್ ಹತ್ತಿರ ಹಳೆಯ ಬುಲೆಟ್ 500ರ ಎಂಜಿನ್ ಒಂದಿದೆ. "ಬೋಲ್ಟ್ ತೂತು ಎಲ್ಲ ಅದೇ ಸಾರ್, ಎರಡು ದಿನದ ಕೆಲಸ" ಅನ್ನುತ್ತಾರೆ. ಮಾಡಿಸಲಾ?
- ಸಕಲೇಶಪುರದ ಓದುಗರು

ಉತ್ತರ: ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ. ಹಳೆಯ ಎರಕದ ಕಬ್ಬಿಣದ ಬ್ಯಾರೆಲ್‌ನ 350 ಮತ್ತು 500 ಬುಲೆಟ್‌ಗಳು ಅಣ್ಣ ತಮ್ಮಂದಿರು. ಎರಡರ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕೂಡ 90 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ) ಮಾತ್ರ ಬೇರೆ. 350ರದ್ದು 70 ಮಿ.ಮೀ., 500ರದ್ದು 84. ಫ್ರೇಮ್ ಹೆಚ್ಚುಕಮ್ಮಿ ಒಂದೇ. ಮುಂದಿನ ಎಂಜಿನ್ ಪ್ಲೇಟ್, ಹೆಡ್ ಹಿಡಿದಿಡುವ ಪಟ್ಟಿ, ಇಂಥ ಸಣ್ಣಪುಟ್ಟವನ್ನು ಹೊಂದಿಸಿಕೊಂಡರೆ ಎಂಜಿನ್ ಕೂರುತ್ತದೆ.

ತಲೆನೋವು ಶುರುವಾಗುವುದು ಕೂತ ಮೇಲೆ.

ಒಂದು ಸಣ್ಣ ಲೆಕ್ಕ ಮಾಡೋಣ. 84ನ್ನು 70ರಿಂದ ಭಾಗಿಸಿದರೆ 1.2. ಪಿಸ್ಟನ್ ತಲೆಯ ವಿಸ್ತೀರ್ಣದ ಲೆಕ್ಕಕ್ಕೆ ಅದನ್ನು ಅದರಿಂದಲೇ ಗುಣಿಸಬೇಕು. 1.44 ಆಯಿತು. ಅಂದರೆ ಒಳಗಿನ ಒತ್ತಡ ಅಷ್ಟೇ ಇದ್ದರೂ ಪ್ರತಿ ಹೊಡೆತಕ್ಕೆ ಪಿಸ್ಟನ್ ಮೇಲೆ ಬೀಳುವ ಬಲ ಶೇ. 44ರಷ್ಟು ಜಾಸ್ತಿ. ಆ ಹೊಡೆತವನ್ನು ಕ್ಲಚ್, ಪ್ರೈಮರಿ ಚೈನ್, ಗೇರ್‌ಬಾಕ್ಸ್, ಹಿಂದಿನ ಚಕ್ರದ ಕಡ್ಡಿಗಳು ಎಲ್ಲ ತಿನ್ನಬೇಕು. ಕೈಗೆ ಸಿಗುವ ಲಾಭ ಎಷ್ಟು? ಹಳೆಯ 350ಕ್ಕೆ ಕಂಪನಿ ಹೇಳುತ್ತಿದ್ದದ್ದು ಸುಮಾರು 18 ಅಶ್ವಶಕ್ತಿ, 500ಕ್ಕೆ ಸುಮಾರು 22. ನಾಲ್ಕು ಕುದುರೆ ಹೆಚ್ಚು, ಅಷ್ಟೇ. ಕೆಳಗಿನ ವೇಗದಲ್ಲಿ ಎಳೆತ ಚೆನ್ನಾಗಿರುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಘಾಟಿಯಲ್ಲಿ ಗೇರ್ ಇಳಿಸುವ ಕೆಲಸ ಕಡಿಮೆಯಾಗುತ್ತದೆ.

ಈಗ ಎರಡು ದಿನದ ಕೆಲಸದ ವಿಷಯ. ಎಂಜಿನ್ ಇಳಿಸಿ ಏರಿಸಲು ಎರಡು ದಿನ ಸಾಕು. ಆದರೆ 500ಕ್ಕೆ ಅದರದ್ದೇ ಕಾರ್ಬುರೇಟರ್ ಬೇಕು. ನಿಮ್ಮ ಕ್ಲಚ್ ಪ್ಲೇಟ್ ಸವೆದಿದ್ದರೆ ಮೊದಲ ಏರಿನಲ್ಲೇ ಜಾರುತ್ತದೆ. ಗೇರ್‌ಬಾಕ್ಸ್ ಸ್ಪ್ರಾಕೆಟ್‌ಗೆ ಒಂದು ಹಲ್ಲು ಹೆಚ್ಚಿಸದಿದ್ದರೆ ಎಂಜಿನ್ ಸುಮ್ನೆ ಕೂಗಾಡುತ್ತದೆ. ನಿಮ್ಮ ಗಾಡಿಯ ವೈರಿಂಗ್ 6 ವೋಲ್ಟಿನದ್ದು. ಬರುವ ಎಂಜಿನ್ 12 ವೋಲ್ಟಿನದ್ದಾಗಿದ್ದರೆ ಬ್ಯಾಟರಿ, ರೆಗ್ಯುಲೇಟರ್, ಕಾಯಿಲ್, ಹಾರ್ನ್, ಎಲ್ಲ ಬಲ್ಬು ಬದಲಾಗಬೇಕು. ಕಿಕ್ ಹೊಡೆಯುವುದನ್ನೂ ಹೊಸದಾಗಿ ಕಲಿಯಬೇಕು. ಆಮ್‌ಮೀಟರ್ ಮುಳ್ಳು ನೋಡಿ, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಒತ್ತಿ, ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತಂದು ಆಮೇಲೆ ತುಳಿಯಬೇಕು. ಇಲ್ಲದಿದ್ದರೆ 500 ತಿರುಗಿ ಒದೆಯುತ್ತದೆ. ಮೊಣಕಾಲಿಗೆ ಆ ಒದೆತ ಒಮ್ಮೆ ಬಿದ್ದರೆ ಸಾಕು, ಪಾಠ ಮರೆಯುವುದಿಲ್ಲ.

ಇದೆಲ್ಲ ದುಡ್ಡಿನ ಮಾತು. ನನಗೆ ನಿಜವಾಗಿ ಚಿಂತೆ ಇರುವುದು ಬ್ರೇಕಿನದ್ದು.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಗಾಡಿ 100ರಲ್ಲಿ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ. ಆದರೆ ಅದನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚು. ಆ ಶಕ್ತಿಯೆಲ್ಲ ಬಿಸಿಯಾಗಿ ಡ್ರಮ್ಮಿನೊಳಗೇ ಸೇರುತ್ತದೆ. ನಾನೂ ಹುಡುಗಾಟದ ವಯಸ್ಸಿನಲ್ಲಿ ಇದನ್ನೇ ಮಾಡಿದ್ದೆ. 350ರ ಫ್ರೇಮ್, 500ರ ಎಂಜಿನ್, ಬ್ರೇಕ್ ಮಾತ್ರ ಹಳೆಯದೇ. ಏರಿನಲ್ಲಿ ರಾಜನಂತೆ ಹೋದೆ. ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲಿ ಲೈನರ್ ಸುಟ್ಟ ವಾಸನೆ ಬಂತು. ಆಮೇಲೆ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಹಿಡಿದರೂ ಗಾಡಿ ನಿಲ್ಲಲಿಲ್ಲ. ಒಂದನೇ ಗೇರಿಗೆ ಹಾಕಿ, ಗುಡ್ಡದ ಬದಿಯ ಚರಂಡಿಗೆ ಒರಗಿಸಿ ನಿಲ್ಲಿಸಿದೆ. ತಪ್ಪು ಪೂರ್ತಿ ನನ್ನದೇ. ಎಂಜಿನ್‌ಗೆ ಸುರಿದ ದುಡ್ಡಿನಲ್ಲಿ ಕಾಲು ಭಾಗವನ್ನೂ ಬ್ರೇಕಿಗೆ ಹಾಕಿರಲಿಲ್ಲ.

ಈ ಎಂಜಿನ್ ಬದಲಿಸುವ ಹುಚ್ಚು ಜೋರಾಗಿದ್ದ ಕಡೆ ಲೆಕ್ಕ ಉಲ್ಟಾ ಇತ್ತು. ಇಂಗ್ಲೆಂಡಿನಲ್ಲಿ 1950ರಲ್ಲಿ ನಾರ್ಟನ್ ಕಂಪನಿಯ ರೇಸ್ ಗಾಡಿಗಳಿಗೆ 'ಫೆದರ್‌ಬೆಡ್' ಅನ್ನುವ ಫ್ರೇಮ್ ಬಂತು. ಬೆಲ್‌ಫಾಸ್ಟ್‌ನ ಮ್ಯಾಕ್‌ಕ್ಯಾಂಡ್ಲೆಸ್ ಸಹೋದರರ ಕೈಕೆಲಸ. ತಿರುವಿನಲ್ಲಿ ಅದರಷ್ಟು ಗಟ್ಟಿಯಾಗಿ ನಿಲ್ಲುವ ಫ್ರೇಮ್ ಆಗ ಇರಲಿಲ್ಲ. ಸಣ್ಣ ರೇಸ್ ಕಾರಿನವರು ನಾರ್ಟನ್ ಗಾಡಿ ಕೊಂಡು ಎಂಜಿನ್ ಕಿತ್ತು 500 ಸಿಸಿ ಕಾರಿಗೆ ಹಾಕಿಕೊಂಡರು. ಫ್ರೇಮ್ ಅನಾಥವಾಗಿ ಉಳಿಯಿತು. ಹುಡುಗರು ಅದಕ್ಕೆ ಟ್ರಯಂಫ್‌ನ ಎರಡು ಸಿಲಿಂಡರ್ ಎಂಜಿನ್ ಕೂರಿಸಿದರು. ಟ್ರಯಂಫ್ ಮತ್ತು ನಾರ್ಟನ್ ಸೇರಿ 'ಟ್ರೈಟನ್' ಆಯಿತು. ಅಲ್ಲಿ ಒಳ್ಳೆಯ ಫ್ರೇಮ್ ಎಂಜಿನ್ ಹುಡುಕುತ್ತಿತ್ತು. ನಿಮ್ಮಲ್ಲಿ ಎಂಜಿನ್ ಫ್ರೇಮ್ ಹುಡುಕುತ್ತಿದೆ. ಅದೂ 50 ವರ್ಷ ದಾಟಿದ ಫ್ರೇಮ್.

ನಮ್ಮ ದೇಶದಲ್ಲಂತೂ ಎಂಜಿನ್ ಬದಲಾವಣೆ ಅಂದರೆ ಶಕ್ತಿ ಇಳಿಸುವುದೇ ಆಗಿತ್ತು ಬಿಡಿ. ಬುಲೆಟ್ ಫ್ರೇಮಿಗೆ 325 ಸಿಸಿಯ ಡೀಸೆಲ್ ಎಂಜಿನ್ ಹಾಕಿ ಕಂಪನಿಯೇ 'ಟಾರಸ್' ಮಾರಿತ್ತು. ಆರೂವರೆ ಅಶ್ವಶಕ್ತಿ! ಟಕಟಕ ಅನ್ನುತ್ತಾ ಹಾಲಿನ ಕ್ಯಾನ್ ಹೊತ್ತು ಹೋಗುತ್ತಿತ್ತು. ಆ ಫ್ರೇಮಿಗೆ ಯಾವತ್ತೂ ಬ್ರೇಕಿನ ಚಿಂತೆ ಬಂದಿರಲಾರದು.

ಇನ್ನು ಕಾಗದಪತ್ರ. ನಿಮ್ಮ ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ, ಸಿಸಿಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಕೆಟ್ಟುಹೋದ 350ರ ಬದಲು ಇನ್ನೊಂದು 350 ಎಂಜಿನ್ ಹಾಕಲು ಆರ್‌ಟಿಒ ಒಪ್ಪಿಗೆ ಕೇಳುವುದು ಒಂದು ಮಾತು. 350ನ್ನು 500 ಮಾಡುವುದು ಬೇರೆಯೇ ಮಾತು. ಕಾಯ್ದೆ ಮೀರಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೇ ಎಂಜಿನ್ ನಂಬರ್. ಗುಜರಿಯಿಂದ ಬಂದ ಎಂಜಿನ್ ಯಾವ ಗಾಡಿಯದ್ದು, ಅದರ ಆರ್‌ಸಿ ಎಲ್ಲಿದೆ ಅಂತ ನಿಮ್ಮ ಮೆಕ್ಯಾನಿಕ್‌ನ ಕೇಳಿದ್ದೀರಾ? ಕೇಳಿ. ಕದ್ದ ಗಾಡಿಯದ್ದಾಗಿದ್ದರೆ ಠಾಣೆ ಮೆಟ್ಟಿಲು ಹತ್ತುವವರು ನೀವೇ.

ನೀವು ಕೇಳದ ಇನ್ನೊಂದು ವಿಷಯವಿದೆ. 2021ರಿಂದ 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸುವ ನಿಯಮ ಬಂದಿದೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಹಾಗಾಗಿ ಈಗಲೇ ಮಾಡಿಸಿ ಅನ್ನುವುದಿಲ್ಲ. ಆದರೆ ನಿಮ್ಮದು 1972ರದ್ದು, ಅರ್ಹತೆ ಇದೆ. ಅದಕ್ಕಿರುವ ಶರತ್ತು ಏನು ಗೊತ್ತಾ? ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿಸ್, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 500 ಕೂರಿಸಿದ ದಿನ ಆ ಬಾಗಿಲು ಮುಚ್ಚುತ್ತದೆ.

ಹಾಗಾದರೆ ಶಿರಾಡಿ ಹತ್ತುವುದು ಹೇಗೆ? ಮೊದಲು, ನಿಮ್ಮ 350ರ ಹದಿನೆಂಟು ಕುದುರೆಗಳಲ್ಲಿ ಈಗ ಎಷ್ಟು ಉಳಿದಿವೆ ನೋಡಿ. ನನ್ನ ಕಣ್ಣಿಗೆ ಬಿದ್ದ ಹಳೆಯ ಬುಲೆಟ್‌ಗಳಲ್ಲಿ ಹೆಚ್ಚಿನವು ಸೋತದ್ದು ಸಿಸಿ ಸಾಲದೆ ಅಲ್ಲ, ಸವೆದು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ಕಡಿಮೆ ಬಂದರೆ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿ, ವಾಲ್ವ್ ಸೀಟ್ ಉಜ್ಜಿಸಿ, ಗೈಡ್ ಸಡಿಲವಿದ್ದರೆ ಬದಲಿಸಿ. ಕಿಡಿ ಕೊಡಿಸುವ ಪಾಯಿಂಟ್‌ನ ಹಿಂದೆ, ವೇಗ ಹೆಚ್ಚಿದಂತೆ ಕಿಡಿಯ ಟೈಮಿಂಗ್ ಮುಂದೆ ತರುವ ಚಿಕ್ಕ ತೂಕಗಳಿರುತ್ತವೆ. ಅವು ಜಿಡ್ಡುಗಟ್ಟಿ ಅಂಟಿಕೊಂಡರೆ ಎಂಜಿನ್ ಬಿಸಿಯಾಗುತ್ತದೆ, ಎಳೆಯುವುದಿಲ್ಲ. ಇದನ್ನು ಯಾರೂ ನೋಡುವುದೇ ಇಲ್ಲ! ಕಾರ್ಬುರೇಟರ್ ಬುಡದಲ್ಲಿ ಗಾಳಿ ಸೋರುತ್ತಿದೆಯಾ ನೋಡಿಸಿ. ಮುಖ್ಯ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಬ್ರೇಕ್ ಶೂ ಉಜ್ಜುತ್ತಿದ್ದರೆ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಏರು ಕಷ್ಟವಾದರೆ ಅಗ್ಗದ ಉಪಾಯ ಒಂದಿದೆ. ಗೇರ್‌ಬಾಕ್ಸ್ ಸ್ಪ್ರಾಕೆಟ್‌ನ ಹಲ್ಲು ಎಣಿಸಿ. 17 ಇದ್ದರೆ 16 ಹಾಕಿಸಿ. ಎಳೆತ ಶೇ. 6ರಷ್ಟು ಹೆಚ್ಚುತ್ತದೆ. ಬಯಲಿನಲ್ಲಿ ವೇಗ ಸ್ವಲ್ಪ ತಗ್ಗುತ್ತದೆ, ಆದರೆ ಶಿರಾಡಿಯಲ್ಲಿ ಅದು ಯಾರಿಗೆ ಬೇಕು? ಆ ಸ್ಪ್ರಾಕೆಟ್ ಕ್ಲಚ್‌ನ ಹಿಂದೆ ಅಡಗಿರುತ್ತದೆ. ಕ್ಲಚ್ ಬಿಚ್ಚಿದಾಗಲೇ ಎರಡೂ ಕೆಲಸ ಮುಗಿಸಿಕೊಳ್ಳಿ. ಜೊತೆಗೆ ಮುಂದಿನ ಚಕ್ರಕ್ಕೆ ಆಮೇಲಿನ ಬುಲೆಟ್‌ಗಳಲ್ಲಿ ಬಂದ ಎರಡು ಕ್ಯಾಮಿನ (ಬ್ರೇಕ್ ಶೂ ತಳ್ಳುವ ತುಂಡು ಎರಡಿರುವ) ಡ್ರಮ್ ಸಿಕ್ಕರೆ ಅದರ ಬಗ್ಗೆ ಆರ್‌ಟಿಒದಲ್ಲಿ ವಿಚಾರಿಸಿ ಹಾಕಿಸಿ. ಹಳೆಯ ಡ್ರಮ್ ಎತ್ತಿಡಿ, ಮಾರಬೇಡಿ.

500ನ್ನೇ ಓಡಿಸಬೇಕು ಅನ್ನುವ ಆಸೆ ಇದ್ದರೆ ಅದರಲ್ಲಿ ತಪ್ಪೇನಿಲ್ಲ. ಕಾಗದ ಸರಿಯಿರುವ ಇಡೀ 500 ಗಾಡಿಯನ್ನೇ ಕೊಳ್ಳಿ. ಅಪ್ಪನ ಗಾಡಿ ಅಪ್ಪನದ್ದಾಗಿಯೇ ಇರಲಿ.

ಪ್ರಶ್ನೆ: ನನ್ನ ಹಳೆಯ ಬುಲೆಟ್ ಫ್ರೇಮಿಗೆ 2010ರ ನಂತರದ 500 ಎಂಜಿನ್ ಹಾಕಬಹುದಾ? ಅದರಲ್ಲಿ ಶಕ್ತಿಯೂ ಜಾಸ್ತಿ, ಎಣ್ಣೆಯೂ ಸೋರುವುದಿಲ್ಲ.
- ತುಮಕೂರಿನ ಓದುಗರು

ಉತ್ತರ: ಬೇಡ. ಮೇಲೆ ಹೇಳಿದ ಕಾನೂನು ನಿಮಗೂ ಅನ್ವಯಿಸುತ್ತದೆ. ಅದರ ಮೇಲೆ, ಇದು ಕೂರುವುದೂ ಇಲ್ಲ. ಹಳೆಯದರಲ್ಲಿ ಗೇರ್‌ಬಾಕ್ಸ್ ಬೇರೆ ಡಬ್ಬಿ, ಕ್ರ್ಯಾಂಕ್‌ಕೇಸ್ ಹಿಂದೆ ಬೋಲ್ಟ್ ಹಾಕಿ ಸೇರಿಸಿದ್ದು. ಹೊಸದರಲ್ಲಿ ಎರಡೂ ಒಂದೇ ಎರಕ. ಹಿಡಿಯುವ ಜಾಗಗಳೇ ಬೇರೆ. 27 ಅಶ್ವಶಕ್ತಿ ಬರುವುದು ನಿಜ, ಆದರೆ ಪೆಟ್ರೋಲ್ ಇಂಜೆಕ್ಷನ್ ಇರುವ ಎಂಜಿನ್ ತಂದರೆ ಪಂಪ್, ಸೆನ್ಸರ್, ಕಂಪ್ಯೂಟರ್ ಡಬ್ಬಿ, ದೊಡ್ಡ ಬ್ಯಾಟರಿ ಎಲ್ಲ ಹಳೆಯ ಟ್ಯಾಂಕಿನ ಕೆಳಗೆ ತುರುಕಬೇಕು. ಅದಕ್ಕಾಗಿ ಫ್ರೇಮ್ ಕತ್ತರಿಸಿ ವೆಲ್ಡ್ ಮಾಡುತ್ತೇವೆ ಅನ್ನುವವರು ಸಿಗುತ್ತಾರೆ. ಬುಲೆಟ್ ಫ್ರೇಮಿನಲ್ಲಿ ಎಂಜಿನ್ ಕೂಡ ಭಾರ ಹೊರುವ ಒಂದು ಭಾಗ. ಮುಂದಿನ ಕೊಳವೆ ಎಂಜಿನ್‌ಗೆ ಬಂದು ನಿಲ್ಲುತ್ತದೆ, ಕೆಳಗೆ ಬೇರೆ ಕೊಳವೆ ಇಲ್ಲ. ಅಲ್ಲಿನ ವೆಲ್ಡ್ ಬಿಟ್ಟರೆ ಗಾಡಿ ನಡುವೆಯೇ ಮಡಚಿಕೊಳ್ಳುತ್ತದೆ. ಎಣ್ಣೆ ಸೋರುವುದಕ್ಕೆ ಮಾತ್ರ ಸುಲಭದ ಮದ್ದಿದೆ. ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ ನೋಡಿ, ಆಮೇಲೆ ಗ್ಯಾಸ್ಕೆಟ್ ಬದಲಿಸಿ.