ಒತ್ತಕ್ಷರ ಒಂದೋ, ಎರಡೋ?

ಹುಬ್ಬಳ್ಳಿಯ ನನ್ನ ಆಪ್ತಸಲಹೆಯ ಕೋಣೆಗೆ ಅವರು ಹೆಂಡತಿ, ಕಿರಿಯ ಮಗಳ ಜೊತೆ ಬಂದರು. ಕೈಯಲ್ಲೊಂದು ಚೀಲ, ಅದರ ತುಂಬ ನೋಟ್‌ಬುಕ್ಕು. ಗದಗ ಕಡೆಯವರು, ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. (ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಮಗಳಿಗೆ 29 ವರ್ಷ. ಮೂರು ಸಂಬಂಧ ಬಂದಿದ್ದವು, ಮೂರನ್ನೂ ಅಪ್ಪ ಬೇಡ ಅಂದರು. ಜಾತಕ ಕೂಡಲಿಲ್ಲ ಅಂತಲ್ಲ. ಗದುಗಿನ ಭಾರತ ಬೇಡ ಅಂದಿತು ಅಂತ. ಹುಡುಗನ ಹುಟ್ಟಿದ ತಾರೀಖು ಹಿಡಿದು ಪದ್ಯ ಆರಿಸುವುದು, ಇಷ್ಟಿಷ್ಟು ಅಕ್ಷರ ಬಿಟ್ಟು ಎಣಿಸುತ್ತಾ ಹೋಗುವುದು. ‘ಬೇ’, ‘ಡ’ ಸಿಕ್ಕರೆ ಮುಗಿಯಿತು.

“ಕುಮಾರವ್ಯಾಸ ಸುಮ್ನ ಬರದಾನೇನ್ರಿ ಮೇಡಂ? ವೀರನಾರಾಯಣ ಹೇಳಿ ಬರಿಸ್ಯಾನ. ‘ಜಯ’ ಅಂದ್ರ ಕಟಪಯಾದಿ ಒಳಗ ಹದಿನೆಂಟು. ಭಾರತದ ಪರ್ವ ಹದಿನೆಂಟು, ಯುದ್ಧ ಹದಿನೆಂಟು ದಿವಸ, ಗೀತಾ ಹದಿನೆಂಟು ಅಧ್ಯಾಯ. ಇದು ಸುಳ್ಳೇನ್ರಿ?”

ಸುಳ್ಳಲ್ಲ. ‘ಜಯ’ ಭಾರತದ ಹಳೆಯ ಹೆಸರು, ಕಟಪಯಾದಿ ಅಂದರೆ ಅಕ್ಷರಕ್ಕೊಂದು ಅಂಕಿ ಕೊಡುವ ಹಳೆಯ ಪದ್ಧತಿ. ಅದರಲ್ಲಿ ಜ ಅಂದರೆ 8, ಯ ಅಂದರೆ 1, ಹಿಂದುಮುಂದಾಗಿ ಓದಿದರೆ 18. ಕುಮಾರವ್ಯಾಸ ಬರೆದದ್ದು ಹತ್ತೇ ಪರ್ವ ಅಲ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ವಾದಕ್ಕಿಳಿದರೆ ಅವರು ಚೀಲ ಎತ್ತಿಕೊಂಡು ಹೊರಡುತ್ತಿದ್ದರು.

ಮೊದಲು ನಿದ್ದೆ, ಊಟ ಕೇಳಿದೆ. ನಾಲ್ಕೈದು ತಾಸು ನಿದ್ದೆ. ದನಿ ಕೇಳಿಸುತ್ತದೆಯೇ, ದೇವರು ನಿಮಗೊಬ್ಬರಿಗೇ ಹೇಳುತ್ತಿದ್ದಾನೆ ಅನಿಸುತ್ತದೆಯೇ ಅಂತಲೂ ಕೇಳಿದೆ. ಇಲ್ಲ ಅಂದರು. ಮುಂದೆ ಹಾಗೇನಾದರೂ ಆದರೆ, ರಾತ್ರಿಯಿಡೀ ಕೂತು ಎಣಿಸಲು ಶುರು ಮಾಡಿದರೆ, ತಡಮಾಡದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ, ಅಪರಾತ್ರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಎಂದು ಹೆಂಡತಿಗೆ ಹೇಳಿಟ್ಟೆ.

ನೋಟ್‌ಬುಕ್ಕು ಬಿಡಿಸಿದೆ. ಅಕ್ಷರ ಮುತ್ತಿನಂತಿತ್ತು. ಮೊದಲ ಪದ್ಯದಲ್ಲಿ ಬರುವ ‘ಸಜ್ಜನ’ ಎಂಬ ಮಾತಿಗೆ ಒಂದು ಪುಟದಲ್ಲಿ ಅಕ್ಷರಕ್ಕೊಂದರಂತೆ ಮೂರು ಚುಕ್ಕೆ. ಹತ್ತು ಪುಟ ದಾಟಿದರೆ ಅದೇ ‘ಸಜ್ಜನ’ಕ್ಕೆ ನಾಲ್ಕು. ಒಂದು ಕಡೆ ಒತ್ತಕ್ಷರ ಒಂದೇ, ಇನ್ನೊಂದು ಕಡೆ ಎರಡು! ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು.

“ಕಾಕಾ, ಟಿಕೆಟ್ ಲೆಕ್ಕದ ವೇಬಿಲ್ ಹೆಂಗ ಬರೀತಿದ್ರಿ?”

“ಸ್ಟೇಜ್ ಬಂದಾಗ ಟಿಕೆಟ್ ನಂಬರ್ ನೋಡಿ ಬರಿಯೂದ್ರಿ.”

“ಮೊದಲ ನಂಬರ್ ಬರದು, ಆಮ್ಯಾಲೆ ಅದಕ್ಕ ಹೊಂದೂ ಹಂಗ ಟಿಕೆಟ್ ಹರಿದ್ರ?”

“ಚೆಕಿಂಗ್‌ನವ್ರು ಮೆಮೊ ಕೊಡ್ತಾರ್ರಿ,” ಅಂದರು. ಅಂದವರು ಸುಮ್ಮನಾದರು.

ಮುಂದಿನ ಭೇಟಿಗೆ ಎಣ್ಣೆಗಾಯಿ ಮಾಡುವ ವಿಧಾನವನ್ನು ಪೇಪರಿನಿಂದ ಕತ್ತರಿಸಿ ತಂದಿದ್ದೆ. ನಿಮ್ಮ ರೀತಿಯಲ್ಲೇ ಇದರಲ್ಲಿ ಹುಡುಕಿ ಅಂದೆ. ಅರ್ಧ ತಾಸಿನಲ್ಲಿ ‘ಬೇಡ’ ಸಿಕ್ಕಿತು. ಇನ್ನೊಂದಿಷ್ಟು ಹೊತ್ತಿಗೆ ‘ಬೇಕು’ ಕೂಡ. ಆಮೇಲೆ ಒಂದು ಹಾಳೆಯಲ್ಲಿ ನಿಯಮ ಬರೆಸಿದೆ: ಒತ್ತಕ್ಷರ ಒಂದೇ, ಶುರು ಮೊದಲ ಅಕ್ಷರದಿಂದ, ಏಳೇಳಕ್ಕೆ ಎಣಿಕೆ, ನಡುವೆ ಬದಲಾವಣೆ ಇಲ್ಲ. ಭಾರತದಲ್ಲೂ, ಎಣ್ಣೆಗಾಯಿಯಲ್ಲೂ ಬಂದದ್ದು ಬರೀ ಅಕ್ಷರದ ರಾಶಿ.

ಇದು ನನ್ನ ಜಾಣತನವಲ್ಲ. ಹೀಬ್ರೂ ಬೈಬಲ್ಲಿನಲ್ಲಿ ಹೀಗೆ ಅಕ್ಷರ ಬಿಟ್ಟು ಎಣಿಸಿದರೆ ಗುಟ್ಟಿನ ಮಾತು ಸಿಗುತ್ತದೆಂದು 1994ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲೇ ಲೇಖನ ಬಂದಿತ್ತು. ಆಸ್ಟ್ರೇಲಿಯಾದ ಗಣಿತಜ್ಞ ಬ್ರೆಂಡನ್ ಮೆಕೇ, ತಿಮಿಂಗಿಲದ ಕಾದಂಬರಿ ‘ಮೋಬಿ ಡಿಕ್’ ತೆಗೆದುಕೊಂಡು ಅದರಲ್ಲೂ ನಾಯಕರ ಕೊಲೆಯ ‘ಭವಿಷ್ಯ’ ಹುಡುಕಿ ತೋರಿಸಿದ. 1999ರಲ್ಲಿ ಅವನು ಮತ್ತು ಜೊತೆಗಾರರು ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. ಹೆಸರನ್ನು ಹೇಗೆ ಬರೆಯಬೇಕು, ಯಾವುದನ್ನು ಆರಿಸಬೇಕು ಎಂಬಲ್ಲಿ ಸಡಿಲ ಇದ್ದರೆ ಬೇಕಾದ್ದು ಸಿಗುತ್ತದೆ ಎಂಬುದೇ ಅವರ ಮಾತು. ಕಾಕಾ ಬಿಡಲಿಲ್ಲ, “ಸಿರಿಭೂವಲಯ?” ಅಂದರು. ಅಂಕಿಗಳಲ್ಲೇ ಬರೆದ ಆ ಗ್ರಂಥದ ಬಗ್ಗೆ ಪಂಡಿತರ ಜಗಳ ಬೇರೆ ಇದೆ. ಆದರೆ ಅಲ್ಲಿ 1ರಿಂದ 64ರವರೆಗಿನ ಯಾವ ಅಂಕಿಗೆ ಯಾವ ಅಕ್ಷರ ಎಂಬುದು ಮೊದಲೇ ಗೊತ್ತು. ಎಣಿಸುವವನ ಮನಸ್ಸಿನಂತೆ ಬದಲಾಗುವುದಿಲ್ಲ.

ಅಷ್ಟಕ್ಕೂ ಎಣಿಕೆ ಎಲ್ಲಿಂದ ಶುರುವಾಯಿತು? ಹಿರಿಯ ಮಗಳಿಂದ. ಹದಿನೈದೇ ದಿನದಲ್ಲಿ ಮಾತುಕತೆ ಮುಗಿಸಿ ಮದುವೆ ಮಾಡಿದ್ದರು. ವರ್ಷದೊಳಗೆ ಆಕೆ ತವರಿಗೆ ಬಂದಳು. “ನಾ ತಪಾಸ ಮಾಡ್ಲಿಲ್ರಿ,” ಎಂದು ಅವರು ಅತ್ತದ್ದು ಮೂರನೇ ಭೇಟಿಯಲ್ಲಿ. ಆಕೆಯನ್ನೂ ಕರೆಸಿದೆ. “ಅಪ್ಪಾ, ನಾನೂ ಹ್ಞೂಂ ಅಂದಿದ್ನೆಲ್ಲಾ,” ಅಂದಳು. ಇಷ್ಟು ದಿನ ಮನೆಯಲ್ಲಿ ಯಾರೂ ಈ ಮಾತೇ ಆಡಿರಲಿಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಭಯ ಇದ್ದರೆ ತಪಾಸ ಮಾಡಿ, ಆದರೆ ಊರಲ್ಲಿ ಮಾಡಿ. ಹುಡುಗನ ಕೆಲಸ, ಸಾಲ, ಕುಡಿತ, ಅಕ್ಕಪಕ್ಕದವರ ಮಾತು. ಕಂಡಕ್ಟರ್‌ಗೆ ಯಾವ ಊರಲ್ಲಿ ಪರಿಚಯ ಇಲ್ಲ? ಬೇಕು, ಬೇಡ ಹೇಳುವವಳು ಮಗಳು. ಹೆಂಡತಿಗೂ ಒಂದು ಮಾತು ಹೇಳಿದೆ. ದಿನಾ “ಇವತ್ತ ಏನ್ ಬಂತ್ರಿ?” ಅಂತ ಕೇಳುವುದು ಬಿಡಿ, ಅಣಕವೂ ಬೇಡ.

ಭಾರತ ಬಿಡಿ ಅಂತ ಹೇಳಲಿಲ್ಲ. ಪೆನ್ನು ಬದಿಗಿಟ್ಟು ಸಂಜೆ ಅರ್ಧ ತಾಸು ಗಟ್ಟಿಯಾಗಿ ಓದಿ ಅಂದೆ. ಎಣಿಸಲೇಬೇಕೆಂದರೆ ಛಂದಸ್ಸಿನ ಮಾತ್ರೆ ಎಣಿಸಿ, ಲಘುವಿಗೆ ಒಂದು, ಗುರುವಿಗೆ ಎರಡು. “ಶ್ರೀವ, ನಿತೆಯರ, ಸನೆವಿ, ಮಳರಾ” ಎಂದು ಬೆರಳು ಮಡಚಿದೆ. ಮೂರು, ನಾಲ್ಕು, ಮೂರು, ನಾಲ್ಕು. ಹದಿನಾಲ್ಕು. ಈ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ ಇಂಥ ನಾಲ್ಕು ಸಾಲು, 23ರ ಎರಡು ಸಾಲು, ಒಟ್ಟು 102. ಅಲ್ಲೇ ಕೂತು ಮೊದಲ ಪದ್ಯ ಪೂರ್ತಿ ಎಣಿಸಿದರು. “ತಾಳೆ ಆತ್ರಿ!” ಅಂದರು. ಅವತ್ತು ಮೊದಲ ಸಲ ನಕ್ಕರು.

ಐದು ತಿಂಗಳ ಮೇಲೆ ಒಬ್ಬರೇ ಬಂದರು. ಹಾವೇರಿಯ ಒಂದು ಸಂಬಂಧ ಬಂದಿತ್ತಂತೆ. ನೌಕರಿ ಬಿಡಬೇಕು ಅಂದನೆಂದು ಮಗಳು ಒಲ್ಲೆ ಅಂದಳು, ಇವರೂ ಸರಿ ಅಂದರು.

“ಬಸ್ನ್ಯಾಗ ಬರೂವಾಗ ಒಮ್ಮೆ ಎಣಿಸಿದೆ ನೋಡ್ರಿ, ಸುಳ್ಳ್ಯಾಕ ಹೇಳ್ಲಿ.”

“ಏನ್ ಬಂತು?”

“‘ಬೇಕು’ ಅಂತ ಬಂದಿತ್ರಿ,” ಎಂದು ಚಹಾದ ಕಪ್ಪು ಕೆಳಗಿಟ್ಟರು.